ಎಂಟು ಬೋಲ್ಟುಗಳ ಬಿಗಿ

ಗೇರ್‌ಬಾಕ್ಸ್ ಎತ್ತಿ ಕೂರಿಸಿ, ಕೈ ಒರೆಸಿಕೊಂಡು, ಈ ವ್ಯಾನು ಇನ್ನು ಹತ್ತು ವರ್ಷ ಕಮಕ್ ಕಿಮಕ್ ಅನ್ನುವುದಿಲ್ಲ ಎಂದು ನಮ್ಮ ಭಾವ ಘೋಷಿಸುವುದಕ್ಕೂ ಅಕ್ಕ ಟೀ ತರುವುದಕ್ಕೂ ಸರಿಹೋಯಿತು. ಅವಳ ಕೈಯಲ್ಲಿದ್ದ ತಟ್ಟೆಯ ನಡುವೆ ದೊಡ್ಡದೊಂದು ತೂತು, ಅಂಚಿನುದ್ದಕ್ಕೂ ಸಣ್ಣ ತೂತುಗಳು. ಲೋಟಗಳು ಉಳಿದ ಜಾಗದಲ್ಲಿ ಹೇಗೋ ಹೊಂದಿಕೊಂಡಿದ್ದವು.

ಶಾಲಾ ವ್ಯಾನಿನ ಡ್ರೈವರ್ ಲೋಟ ಎತ್ತಿಕೊಂಡು ತಟ್ಟೆಯನ್ನೇ ನೋಡಿದ. "ಮೇಸ್ತ್ರಿ, ಇದು ನಮ್ಮದಲ್ವಾ?"

ಅವನದೇ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಫ್ಲೈವ್ಹೀಲಿಗಿಂತ ಮೊದಲೇ ಹಾಕಬೇಕಾದ ತಗಡು. ತೊಳೆದು ಅಡುಗೆಮನೆ ಕಿಟಕಿಯಲ್ಲಿ ಒಣಗಲು ಇಟ್ಟವರು ಭಾವನೇ. ಅಡುಗೆಮನೆಗೆ ಬಂದದ್ದು ಅಡುಗೆಮನೆಯದೇ ಎಂದು ಅಕ್ಕ ತೀರ್ಪು ಕೊಟ್ಟು, ಬೇರೆ ತಟ್ಟೆ ತರಲು ಹೋದಳು.

ಹಾಕಿದ್ದೆಲ್ಲವನ್ನೂ ಬಿಚ್ಚಬೇಕಾಯಿತು. ಡ್ರೈವರ್ ಸುತ್ತಾಡಿ ಬರುತ್ತೇನೆಂದು ಹೊರಟ. ಭಾನುವಾರ ಹರಟೆ ಹೊಡೆಯಲು ಬಂದಿದ್ದ ನನ್ನ ಕೈಗೆ ಟಾರ್ಚು ಬಂತು. ನನ್ನ ಕೈಗಳಿಗೆ ಕಾನ್ವೆಂಟಿನ ಸಿಸ್ಟರುಗಳ ಸ್ಕೇಲಿನ ಪರಿಚಯ ಚೆನ್ನಾಗಿದೆ, ಸ್ಪ್ಯಾನರಿನದು ಅಷ್ಟಕ್ಕಷ್ಟೆ.

ಭಾವನದು ಮೂವತ್ತು ವರ್ಷದ ಕೈ. ಬೋಲ್ಟಿಗೆ ಎಷ್ಟು ಬಿಗಿ ಬೇಕೆಂದು ಅದಕ್ಕೇ ಗೊತ್ತು. ಪಕ್ಕದ ಟೈರ್ ಅಂಗಡಿಯವನು ಬಿಗಿ ಅಳೆಯುವ ಸ್ಪ್ಯಾನರ್ ಕೊಂಡಾಗ, ಇವನು ಉಸಿರಾಡುವುದಕ್ಕೂ ಮೀಟರ್ ಹಾಕಿಸುತ್ತಾನೆ ಎಂದು ಬೀದಿಗೆಲ್ಲ ಕೇಳುವಂತೆ ಆಡಿಕೊಂಡಿದ್ದರು.

ಫ್ಲೈವ್ಹೀಲ್ ಎಂದರೆ ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು ನಿಮಿಷಕ್ಕೆ ಸಾವಿರಾರು ಸುತ್ತು ಹಾಕುವ ಭಾರದ ಕಬ್ಬಿಣದ ಚಕ್ರ. ಅದನ್ನು ಹಿಡಿದಿಡುವುದು ಎಂಟು ಬೋಲ್ಟು. ಮೊದಲ ಐದನ್ನು ಬಿಚ್ಚಲು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ಆರನೆಯದು ಒಂದೇ ಎಳೆತಕ್ಕೆ ಬಂತು. ಏಳನೆಯದೂ ಹಾಗೇ. ಎಂಟನೆಯದನ್ನು ನಾನು ಎರಡು ಬೆರಳಲ್ಲಿ ತಿರುಗಿಸಿಬಿಟ್ಟೆ.

ಅಕ್ಕ ತಗಡಿನ ಮೇಲೆ ಟೀ ತರದೇ ಇದ್ದಿದ್ದರೆ ಆ ವ್ಯಾನು ಬೆಳಿಗ್ಗೆ ಹದಿನೆಂಟು ಮಕ್ಕಳನ್ನು ತುಂಬಿಕೊಂಡು ಇಳಿಜಾರಿನಲ್ಲಿ ಓಡುತ್ತಿತ್ತು.

"ಎಂಟಕ್ಕೂ ಒಂದೇ ಬಿಗಿ ಕೊಟ್ಟೆ ಅಂತಲೇ ಅಂದ್ಕೊಂಡಿದ್ದೆ ಕಣೋ," ಎಂದರು ಭಾವ, ಅಂಗೈಯನ್ನು ಯಾರದೋ ವಸ್ತುವಿನಂತೆ ತಿರುಗಿಸಿ ನೋಡುತ್ತಾ. ಸಕ್ಕರೆ ಕಾಯಿಲೆ, ಬೆರಳುಗಳೆಲ್ಲ ಜೋಮು. ಬಿಸಿ ಲೋಟ ಹಿಡಿದರೂ ತಿಳಿಯುವುದಿಲ್ಲವಂತೆ. ಡ್ರೈವರಿಗೆ ಗೊತ್ತಾದರೆ ಊರಿಗೆ ಗೊತ್ತಾದ ಹಾಗೆ. ಆಮೇಲೆ ಈ ಶೆಡ್ಡಿಗೆ ಸೈಕಲ್ ಕೂಡ ಬರುವುದಿಲ್ಲ, ತನಗೆ ಬೇರೆ ಕೆಲಸವೂ ಬರುವುದಿಲ್ಲ ಎಂದರು. "ನಿಮ್ಮಕ್ಕನಿಗಂತೂ ಹೇಳಲೇಬೇಡ."

ಭಾವನ ಬೆರಳಲ್ಲೇ ಭಾವವಿಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂತು. ಜೀವನದಲ್ಲಿ ಮೊದಲ ಸಲ ಅಂಥದ್ದೊಂದನ್ನು ನುಂಗಿಕೊಂಡೆ.

ಟೈರ್ ಅಂಗಡಿಯಿಂದ ಆ ಅಳತೆಯ ಸ್ಪ್ಯಾನರನ್ನು ನಾನೇ ಕೇಳಿ ತಂದೆ. ಯಾರಿಗೆ ಎಂದು ಅವನು ಕೇಳಿದ, ನನಗೇ ಎಂದೆ. ಅವನು ನಂಬದಿದ್ದರೂ ಕೊಟ್ಟ. ಭಾವ ಎಣ್ಣೆಯ ಪಸೆ ಉಳಿಯದಂತೆ ಚಕ್ರವನ್ನು ಪೆಟ್ರೋಲಿನಲ್ಲಿ ಒರೆಸಿ, ತಗಡು ಹಾಕಿ, ಅದರ ಮೇಲೆ ಚಕ್ರ ಕೂರಿಸಿದರು. ಒಂದಾದ ಮೇಲೆ ಅದರ ಎದುರಿನದು, ಹೀಗೆ ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕೆಂದು ಹೇಳಿಕೊಟ್ಟರು. ಎಳೆದದ್ದು ನಾನು. ಬಿಗಿ ಸಾಕಾದಾಗ ಸ್ಪ್ಯಾನರು 'ಟಕ್' ಎನ್ನುತ್ತದೆ.

"ಟಕ್ ಅಂತಾ?"

"ಅಂತು ಭಾವ."

"ಸರಿಯಾಗಿ ಕೇಳಿಸ್ಕೊಂಡ್ಯಾ?"

ಊರಿನ ಅರ್ಧ ಎಂಜಿನ್ನುಗಳನ್ನು ಬರೀ ಕೈಯಿಂದ ಬಿಗಿ ಮಾಡಿದ ಮನುಷ್ಯ, ಒಂದೊಂದು ಬೋಲ್ಟಿಗೂ ನನ್ನ ಮುಖ ನೋಡುತ್ತಿದ್ದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಸಂಜೆ ಡ್ರೈವರ್ ವ್ಯಾನು ತೆಗೆದುಕೊಂಡು ಹೋದ. ಗೇಟಿನ ಹತ್ತಿರ ನಿಂತು ಅದು ಇಳಿಜಾರಿನ ತಿರುವು ದಾಟುವವರೆಗೂ ಕಿವಿಗೊಟ್ಟೆವು. ಬೇಡದ ಸದ್ದೇನೂ ಬರಲಿಲ್ಲ.

"ಈ ಜೋಮು ಯಾವಾಗಿಂದ ಭಾವ?"

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ನಿನ್ನ ಕಾರಿಗೆ ಕ್ಲಚ್ ಹಾಕಿಕೊಟ್ಟೆನಲ್ಲ, ಅದರ ಹಿಂದಿನ ತಿಂಗಳಿಂದ."