ಹಾಸಿಗೆಯವರ ಕುರ್ಚಿ

ಬೀದಿಯವರೆಲ್ಲ ‘ಹಾಸಿಗೆಯವರು’ ಎಂದೇ ಕರೆಯುತ್ತಿದ್ದ ಆ ಮುದುಕ ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟು, ತಾನು ಮಾತ್ರ ಕುರ್ಚಿಯಲ್ಲಿ ಕುಳಿತೇ ನಿದ್ದೆ ಮಾಡುತ್ತಿದ್ದ. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಮಲಗದೇ ಇರೋ ಗಂಡನ ಜೊತೆ ಜಗಳ ಮುಗಿಯೋದು ಯಾವಾಗ?” ಎಂದು ಹೆಂಡತಿ ನಕ್ಕು ಕೇಳುತ್ತಿದ್ದಳು. ಒಳಗೊಳಗೆ ಮಾತ್ರ ಅವಳಿಗೆ ಸಂಕಟವಿತ್ತು.

ಈಗ ಅವನ ಕಾಲುಗಳು ಬಾತುಕೊಂಡಿದ್ದವು. “ಕಾಲು ನೀಡಿ ಮಲಗದಿದ್ರೆ ಇವು ಉಳಿಯಲ್ಲ,” ಎಂದು ಡಾಕ್ಟರು ಗದರಿದ ದಿನ ಅವಳು ಪಟ್ಟು ಹಿಡಿದಳು. “ರೀ, ಇವತ್ತು ಕಾರಣ ಹೇಳಲೇಬೇಕು.”

ಹತ್ತಿ ಬಿಡಿಸುತ್ತಲೇ ಅವನು ಹೇಳಿದ. ಮೀಸೆ ಚಿಗುರುವ ವಯಸ್ಸಿನಲ್ಲಿ, ಯಾರದೋ ಜಗಳಕ್ಕೆ, ಹೆಸರೂ ಕೇಳದ ದೇಶಕ್ಕೆ ಇವನಂಥ ಹುಡುಗರನ್ನು ಸಿಪಾಯಿಗಳಾಗಿ ಕಳಿಸಿದ್ದರು. ನೆಲ ಅಗೆದ ಗುಂಡಿಯೇ ಮನೆ. ಕಾಲಡಿ ಕೆಸರು, ತಲೆ ತುಂಬ ಹೇನು, ಪೆಟ್ರೋಲ್ ಡಬ್ಬಿಯಲ್ಲಿ ಬರುತ್ತಿದ್ದ ಕುಡಿಯುವ ನೀರಿಗೆ ಅದರದೇ ವಾಸನೆ. ಬಿಸ್ಕತ್ತು ಅಡಗಿಸಿಟ್ಟರೆ ಇಲಿಗಳು ಜೇಬನ್ನೇ ಕಡಿಯುತ್ತಿದ್ದವು. ಚಳಿಗೆ ಆರು ಜನ ಒಬ್ಬರಿಗೊಬ್ಬರು ಅಂಟಿಕೊಂಡು ಒಂದೇ ಮಗ್ಗುಲಲ್ಲಿ ಮಲಗಬೇಕು. ಒಬ್ಬ ಹೊರಳಿದರೆ ಎಲ್ಲರೂ ಹೊರಳಬೇಕು, ಅಷ್ಟು ಇಕ್ಕಟ್ಟು. ಗೋಡೆಯ ಬದಿಗೆ ಮಲಗುತ್ತಿದ್ದ ಹಿರಿಯ ಸಿಪಾಯಿ, ಎಲ್ಲರ ದೊಡ್ಡಣ್ಣ, “ಹೊರಳ್ರೋ” ಅಂದರೆ ಸಾಕು, ನಿದ್ದೆಗಣ್ಣಲ್ಲೇ ಎಲ್ಲರೂ ಮಗ್ಗುಲು ಬದಲಿಸುತ್ತಿದ್ದರು.

“ಒಂದಿನ ಬೆಳಿಗ್ಗೆ ನೋಡಿದ್ರೆ ದೊಡ್ಡಣ್ಣ ಮರಗಟ್ಟಿ ಹೋಗಿದ್ದ. ಹಿಂದಿನ ಸಂಜೆನೇ ಜೀವ ಹೋಗಿದೆ ಅಂದ್ರು ಸೈನ್ಯದ ಡಾಕ್ಟರು. ರಾತ್ರಿಯೆಲ್ಲ ನಾವು ಅವನ ಮಾತಿಗೇ ಹೊರಳಿದ್ವಿ ಕಣೇ. ಅವನೂ ನಮ್ ಜೊತೆ ಹೊರಳಿದ್ದ.” ಅವನ ಕೈ ನಿಂತಿತು. “ಮಲಗಿದ್ರೆ ಈಗಲೂ ‘ಹೊರಳ್ರೋ’ ಅಂತ ಕರೀತಾನೆ. ನೀನು ಪಕ್ಕದಲ್ಲಿರುವಾಗ ಕರೆದ್ರೆ?”

ಅವಳಿಗೂ ಹೆದರಿಕೆಯಾಯಿತು. ಆದರೆ ಆ ಕಾಲು ನೋಡಿ ಇನ್ನೂ ಹೆಚ್ಚು ಹೆದರಿಕೆಯಾಯಿತು. “ಕರೀಲಿ ಬಿಡಿ. ಇನ್ಮೇಲೆ ಹೊರಳಿ ಅನ್ನೋಳು ನಾನು.”

ಇಬ್ಬರಿಗೆಂದು ಅವನೇ ಹೊಲಿದ ಹೊಸ ಹಾಸಿಗೆ ಸಿದ್ಧವಾದ ಮಧ್ಯಾಹ್ನ, ಕಿಟಕಿಯಲ್ಲಿ ಬಿಸಿಲಿರುವಾಗಲೇ, ಅವನು ಕುರ್ಚಿ ಬಿಟ್ಟೆದ್ದು ಮಲಗಿದ. ಪಕ್ಕದಲ್ಲಿ ಅವಳು. ಹಾಸಿಗೆ ಇಬ್ಬರಿಗೆ ಹೆಚ್ಚೇ ಅಗಲವಾಗಿತ್ತು; ಅವಳ ಆಚೆ, ಗೋಡೆಯ ಬದಿಗೆ, ಇನ್ನೊಬ್ಬರ ಜಾಗ ಉಳಿಯಿತು. ಅಳತೆ ತಪ್ಪುವ ಕೈಯಲ್ಲ ಅದು.

ಸ್ವಲ್ಪ ಹೊತ್ತಾದ ಮೇಲೆ “ಹೊರಳಿ” ಅಂದಳು. ಅವನು ಹೊರಳಿದ, ಅವಳೂ ಹೊರಳಿದಳು. ಅವಳ ಬೆನ್ನ ಹಿಂದೆ, ಗೋಡೆಯ ಬದಿಯಲ್ಲಿ, ಯಾರೋ ಹೊರಳಿದ ಹಾಗೆ ಹೊಸ ಹತ್ತಿ ಮೆಲ್ಲಗೆ ತಗ್ಗಿತು.

ಗಂಡನ ಗೊರಕೆ ಆಗಲೇ ಶುರುವಾಗಿತ್ತು. ಕಾಲನ್ನು ಪೂರ್ತಿ ಚಾಚಿದ್ದ. ಅವಳು ಉಸಿರು ಬಿಗಿಹಿಡಿದು ಅವನತ್ತ ಸರಿದು, ಗೋಡೆಯ ಬದಿಗೆ ಇನ್ನಷ್ಟು ಜಾಗ ಬಿಟ್ಟಳು.