ಎರಡು ಅರ್ಧ ಇಂಚಿನ ಲೆಕ್ಕ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಮ್ಮತ್ತಿಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಆ ಸೀಮೆಯಲ್ಲಿ ನನ್ನಷ್ಟು ಲೆಕ್ಕ ಬಲ್ಲವರು ಇನ್ನೊಬ್ಬರಿರಲಿಲ್ಲ. ಇದ್ದರೂ ನನ್ನ ನಾಲಿಗೆಗೆ ಹೆದರಿ ಸುಮ್ಮನಿರುತ್ತಿದ್ದರು.

ಎಸ್ಟೇಟಿನ ಸಾವ್ಕಾರರಿಗೆ ಮನೆಯೊಳಗೆ ಮೀನು ಸಾಕುವ ಹುಚ್ಚು ಹಿಡಿಯಿತು. ನೆಲ್ಯಹುದಿಕೇರಿಯ ಕಡೆ ಕಾವೇರಿಯಲ್ಲಿ ಹಿಡಿಸಿದ ಏಳು ಮೀನು ಹಾಲಿನ ಕ್ಯಾನಿನಲ್ಲಿ ಬಂದವು. ಹೊಳೆಯ ಮೀನು, ನಿಂತ ನೀರಿನಲ್ಲಿ ಬದುಕುವ ಜಾತಿಯಲ್ಲ. ಹಜಾರಕ್ಕೂ ಸಾವ್ಕಾರರ ತಾಯಿಯ ಕೋಣೆಗೂ ನಡುವಿನ ದಪ್ಪ ಮಣ್ಣಿನ ಗೋಡೆಯಲ್ಲಿ ಗೂಡು ಕೊರೆದು, ಸಿಮೆಂಟಿನ ತೊಟ್ಟಿ ಕಟ್ಟಿ, ಹಜಾರದ ಕಡೆ ಗಾಜು ಕೂರಿಸಿದೆವು. ಗುಡ್ಡದ ಟ್ಯಾಂಕಿನಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಒಂದು ಪೈಪು ಇಳಿದಿತ್ತು. ಅದರಿಂದಲೇ ಒಂದು ಕವಲು ತೊಟ್ಟಿಗೆ. ಹೆಚ್ಚಾದ ನೀರು ಹಿತ್ತಲಿಗೆ.

ಪೈಪು ಜೋಡಿಸಲು ಗೋಣಿಕೊಪ್ಪಲಿನಿಂದ ಒಬ್ಬ ಮಲಯಾಳಿ ಫಿಟ್ಟರ್ ಬಂದಿದ್ದ. ಮಾತು ಕಮ್ಮಿ.

"ಒಳಗೆ ಅರ್ಧ ಇಂಚು ಸಾಕು ರೈಟರೇ. ಗುಡ್ಡದಿಂದ ಜೋರಾಗಿ ಬರ್ತದೆ, ಹೋಗುವಾಗ ಆ ಜೋರು ಇಲ್ಲ; ಹೊರಗೆ ಹೋಗ್ಲಿಕ್ಕೆ ಒಂದಿಂಚೇ ಬೇಕು."

ಗೋದಾಮಿನಲ್ಲಿ ಒಂದಿಂಚಿನದು ಮೊಳದಷ್ಟೂ ಇರಲಿಲ್ಲ, ಅರ್ಧ ಇಂಚಿನದು ರಾಶಿ.

"ಎರಡು ಅರ್ಧ ಸೇರಿದ್ರೆ ಎಷ್ಟು ಮಾರಾಯ? ನಿಮ್ಮೂರ ಶಾಲೇಲಿ ಅಲ್ಲೀವರೆಗೆ ಕಲಿಸಿಲ್ವಾ?"

ಸುತ್ತ ನಿಂತವರೆಲ್ಲ ನಕ್ಕರು. ಗದ್ದೆಯ ಕಾಲುವೆಯನ್ನು ನಾವು ಹಾಗೆಯೇ ಒಡೆಯುವುದು: ಒಂದು ಮೊಳ ಅಗಲದ ನೀರನ್ನು ಅರ್ಧರ್ಧ ಮೊಳದ ಎರಡು ಕವಲು ಮಾಡಿದರೆ ಹನಿಯೂ ಉಳಿಯುವುದಿಲ್ಲ. ಪೈಪು ಮಾತ್ರ ಬೇರೆಯೇ? ಅವನು ನಗಲಿಲ್ಲ. ನಾನು ಹೇಳಿದಂತೆ ಹೊರದಾರಿಗೆ ಅರ್ಧ ಇಂಚಿನ ಎರಡು ಪೈಪು ಜೋಡಿಸಿ ಹೋದ. ನೀರು ನಿಲ್ಲಿಸುವ ನಲ್ಲಿ ಕಂಡರೆ ಚಂದವಿಲ್ಲ ಎಂದು ಅದನ್ನೂ ಗೋಡೆಯೊಳಗೆ ಹೂತು ಗಾರೆ ಮೆತ್ತಿಸಿದೆ. ಅದು ಕೂಡ ನನ್ನದೇ ಬುದ್ಧಿ.

ಕಾಫಿ ಹಣ್ಣಿನ ಪಿಕಿಂಗ್ ಮುಗಿಯುವವರೆಗೆ ಎಲ್ಲ ಸರಿಯಿತ್ತು, ನೀರಿನ ಮುಕ್ಕಾಲು ಪಾಲನ್ನು ಪಲ್ಪರ್ ಎಳೆದುಕೊಳ್ಳುತ್ತಿತ್ತಲ್ಲ. ಆ ವರ್ಷದ ಕೊನೆಯ ಹಣ್ಣಿನ ಸಿಪ್ಪೆ ಬಿಡಿಸಿ ಪಲ್ಪರ್ ನಿಲ್ಲಿಸಿದೆವು. ಮೂರನೆಯ ದಿನ ಫಿಟ್ಟರ್ ಮರೆತುಹೋದ ಪೈಪ್ ರೆಂಚ್ ಒಯ್ಯಲು ಬಂದ. ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ನೋಡಿದ. ಗಾಜಿನ ಹಿಂದೆ ನೀರು ಅಂಚಿನವರೆಗೂ ನಿಂತಿತ್ತು. ಮೀನುಗಳೆಲ್ಲ ಒಂದೇ ಮೂಲೆಗೆ ಸೇರಿದ್ದವು.

ಅವನ ಮುಖ ಕಂಡು ನನಗೆ ಇನ್ನೊಮ್ಮೆ ಆಟ ಆಡಿಸುವ ಆಸೆಯಾಯಿತು. ಗುಜರಿಯಿಂದ ಒಂದಿಂಚಿನದೊಂದು ತುಂಡು, ಅದೇ ಉದ್ದದ ಅರ್ಧ ಇಂಚಿನ ತುಂಡುಗಳನ್ನು ತಂದು, ಎಲ್ಲದರ ತಳಕ್ಕೂ ಜೇಡಿಮಣ್ಣು ಒತ್ತಿದೆ. "ನೋಡು, ನಿಂಗೆ ಇವತ್ತು ಪಾಠ," ಎಂದು ದೊಡ್ಡದನ್ನು ತುಂಬಿ ಚಿಕ್ಕದಕ್ಕೆ ಬಗ್ಗಿಸಿದೆ. ಒಂದು ತುಂಬಿತು. ಎರಡು ತುಂಬಿತು. ದೊಡ್ಡದರಲ್ಲಿ ಇನ್ನೂ ಅರ್ಧ ಉಳಿದಿತ್ತು. ಮೂರು. ನಾಲ್ಕನೆಯದು ತುಂಬಿದಾಗ ದೊಡ್ಡದು ಬರಿದಾಯಿತು.

ನಾನು ಅವನ ಮುಖ ನೋಡಲಿಲ್ಲ.

"ಮೂರು ದಿವಸದಿಂದ ಮಿಕ್ಕ ನೀರು ಎಲ್ಲಿಗೆ ಹೋಗ್ತಾ ಉಂಟು ರೈಟರೇ?" ಅವನು ಮೆಲ್ಲಗೆ ಕೇಳಿದ.

ಹಜಾರದ ನೆಲ ಒಣಗಿತ್ತು. ಗೋಡೆಯಾಚೆ ಸಾವ್ಕಾರರ ತಾಯಿ, ನಮ್ಮೆಲ್ಲರ ಅಜ್ಜಿಯ ಕೋಣೆಗೆ ಓಡಿದೆ. ಅವರು ಗೋಡೆಗೆ ಒರಗಿಸಿದ ಮಂಚದ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಅವರ ಬೆನ್ನ ಹಿಂದೆ ಗೋಡೆ ಹೆಗಲೆತ್ತರಕ್ಕೆ ಕಪ್ಪಗಾಗಿತ್ತು. ಬೆರಳಿಟ್ಟೆ. ಬೆಣ್ಣೆಗೆ ಇಳಿದಂತೆ ಇಳಿಯಿತು. ಒಳಗೆಲ್ಲೋ ಯಾರೋ ಗುಟುಕು ಗುಟುಕಾಗಿ ಕುಡಿಯುತ್ತಿರುವ ಸದ್ದು.

ತಪ್ಪು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. "ಅಜ್ಜಿ, ಏಳಿ! ಮಂಚದಡಿ ಹಾವು!"

"ಹೋದ ವರ್ಷದ ಹಾವು ಹಗ್ಗ ಆಯ್ತು. ಈ ವರ್ಷದ್ದು ಎಂತದು, ಬಾಳೆನಾರಾ?" ಅವರು ಅಡಕೆ ಬಾಯಿಗೆ ಹಾಕಿಕೊಂಡರು.

"ಗೋಡೆ ಬೀಳ್ತದೆ ಅಜ್ಜಿ, ದೇವರಾಣೆ!"

"ನಿನ್ನ ಆಣೆಗೆ ದೇವರೇ ಬೇಜಾರಾಗಿ ಕೂತಿದ್ದಾನೆ. ಹೋಗಾ!"

ಗಲಾಟೆಗೆ ಬಾಗಿಲಿಗೆ ಬಂದ ಸಾವ್ಕಾರರು ನಗುತ್ತಿದ್ದರು. "ಅಮ್ಮನ ಹತ್ರ ಇವತ್ತು ನಿನ್ನ ಆಟ ನಡೆಯಲ್ಲ ಬಿಡು." ಫಿಟ್ಟರ್ ಅವರ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ಅವನು ಬಾಯಿ ತೆರೆದಿದ್ದರೆ ನಾನು ಬಚಾವು. ತೆರೆಯಲಿಲ್ಲ. ಗೋಡೆಯಿಂದ ಒಂದು ಹೆಂಟೆ ಕಳಚಿ ಅಜ್ಜಿಯ ದಿಂಬಿನ ಪಕ್ಕ ಮೆತ್ತಗೆ ಬಿತ್ತು. ಅವರು ಅದನ್ನು ಇಲಿಯ ಕೆಲಸವೆಂದು ಬೈದು ಕೆಳಗೆ ತಳ್ಳಿದರು.

"ನಂದು ಲೆಕ್ಕ ತಪ್ಪಿತು," ಎಂದೆ.

ಅಜ್ಜಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಎಂತ ಹೇಳಿದೆ?"

"ನಂದೇ ತಪ್ಪು ಅಜ್ಜಿ. ಫಿಟ್ಟರ್ ಹೇಳಿದ್ದು ಸರಿ ಇತ್ತು. ನೀರೆಲ್ಲ ಗೋಡೆಯೊಳಗೆ ಹೋಗಿದೆ."

ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ನನ್ನ ಬಾಯಿಂದ ಅಂಥ ಮಾತು ಕೇಳಿರಲಿಲ್ಲ. ಅಜ್ಜಿ ಗೋಡೆಯತ್ತ ತಿರುಗಿಯೂ ನೋಡಲಿಲ್ಲ. ನನ್ನ ಮುಖ ನೋಡಿದರು, ಕೈ ಚಾಚಿದರು. "ಹಿಡ್ಕೋ ನನ್ನ. ಇವ ಸುಳ್ಳು ಹೇಳ್ತಾ ಇಲ್ಲ." ಸೊಂಟದ ನೋವಿನ ಮುದುಕಿ, ನಾನೂ ಫಿಟ್ಟರೂ ಎತ್ತಿಕೊಂಡೇ ಅಂಗಳಕ್ಕೆ ತಂದೆವು. ಸಾವ್ಕಾರರು ಹಿಂದಿನಿಂದ, "ಇದೆಂತ ನಾಟಕ!" ಎಂದು ಬೈಯುತ್ತಲೇ ಬಂದರು.

ಅವರನ್ನು ಕುರ್ಚಿಯಲ್ಲಿ ಕೂರಿಸುವಷ್ಟರಲ್ಲಿ ಒಳಗೆ ಗೋಣಿಚೀಲ ಇಳಿಸಿದಂಥ ಸದ್ದಾಯಿತು. ದೊಡ್ಡ ಸದ್ದೇನಲ್ಲ. ಹೊಸ್ತಿಲು ದಾಟಿ ಕೆಂಪು ನೀರು ಬಂತು. ಹೋಗಿ ನೋಡಿದರೆ ಮಂಚ ಕಾಣಿಸಲಿಲ್ಲ. ದಿಂಬಿದ್ದ ಜಾಗದಲ್ಲಿ ಕೆಸರಿನ ಮೇಲೆ ಎರಡು ಮೀನು ಬಾಯಿ ತೆರೆದು ಮುಚ್ಚುತ್ತಿದ್ದವು. ಎತ್ತಿಕೊಳ್ಳಲು ಯಾರೂ ಒಳಗೆ ಕಾಲಿಡಲಿಲ್ಲ.