ಭೀಮನಬೀಡಿನ ದಿಬ್ಬಕ್ಕೆ ಇಪ್ಪತ್ತೊಂದು ಗೇರು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟ ಬೆಳಗಿನ ಏಳೂಕಾಲರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆಧಾರ್ ಕಾರ್ಡ್ ನೋಡಿದ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಟ್ಟರು. ವಾಪಸ್ ಬರುವಾಗ ನನ್ನ ಜೊತೆ ಒಂದು ಸೈಕಲ್ ಇರಬಹುದು, ಬಸ್ಸಿಗೆ ಹಾಕಿಕೊಳ್ಳುತ್ತೀರಾ ಎಂದು ಕೇಳಿದೆ.

"ಟಾಪ್ ಮೇಲೆ ಆಕ್ಬುಡಿ. ನಿಮ್ಗೆ ಫ್ರೀ, ಸೈಕಲ್‌ಗೆ ಟಿಕೆಟ್ಟು. ಲೇಡೀಸ್ ಸೈಕಲ್ ಆದ್ರೂ ಅಷ್ಟೆಯ," ಎಂದರು. ಹಿಂದಿನ ಸೀಟಿನವರು ನಕ್ಕರು.

ಆ ಸೈಕಲ್ಲನ್ನು ನಾನು ನೋಡಿದ್ದು ಮೊಬೈಲಿನಲ್ಲಿ ಮಾತ್ರ. ಟ್ರಾಕ್ಟರಿನ ಹಿಂದಿನ ಗಾಲಿಗೆ ಒರಗಿಸಿದ ಒಂದು ಗೇರ್ ಸೈಕಲ್, ದಪ್ಪ ಟೈರು, ಮುಂದೆ ಸ್ಪ್ರಿಂಗು. ಕೆಳಗೆ ಹೀಗೆ ಬರೆದಿತ್ತು: 'ಸೈಕಲ್ ಚೆನ್ನಾಗಿದೆ. ಗೇರು ಕೆಲಸ ಮಾಡುವುದಿಲ್ಲ. ನಾಲ್ಕು ಸಾವಿರ. ಭೀಮನಬೀಡು.' ಮಾರುವ ವಸ್ತುವಿನ ದೋಷವನ್ನು ಮಾರುವವನೇ ಮೊದಲು ಹೇಳುವ ಜಾಹೀರಾತು ಅಪರೂಪ. ಫೋನ್ ಮಾಡಿ, ಭಾನುವಾರ ಬರುತ್ತೇನೆ ಎಂದಿದ್ದೆ. ನನಗೆ ನಲವತ್ತಾರು. ಹೈಸ್ಕೂಲು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ. ಈಗ ಓಡಿಸುವುದು ಗೇರಿಲ್ಲದ ಸ್ಕೂಟರು. ಬೆಳಗಿನ ಹೊತ್ತು ಊರಾಚೆಗೆ ಒಂದಿಷ್ಟು ದೂರ ತುಳಿಯಬೇಕೆಂಬ ಆಸೆ ಇತ್ತು. ಹೊಸ ಸೈಕಲ್ಲಿನ ಬೆಲೆ ಕೇಳಿದ ಮೇಲೆ ಹಳೆಯದರ ಹುಡುಕಾಟ ಶುರುವಾಗಿತ್ತು.

ಮೋಡ ಕವಿದಿತ್ತು, ಮಳೆ ಇರಲಿಲ್ಲ. ಉಡಿಗಾಲದಲ್ಲಿ ಸೊಪ್ಪಿನ ಮಂಕರಿ ಹೊತ್ತ ನಾಲ್ವರು ಹೆಂಗಸರು ಹತ್ತಿದರು. ಅಲ್ಲಿಂದ ಮುಂದೆ ಬಸ್ಸಿನ ತುಂಬ ಕೊತ್ತಂಬರಿ ವಾಸನೆ.

ತೆರಕಣಾಂಬಿಯಲ್ಲಿ ಇಳಿದುಕೊಂಡೆ. ಹಿಂದೊಮ್ಮೆ ನನ್ನ ಸ್ಕೂಟರಿಗೆ ಪಂಕ್ಚರ್ ಹಾಕಿಕೊಟ್ಟ ಸಿದ್ದರಾಜು ಅವರ ಸೈಕಲ್ ಅಂಗಡಿ ಬಸ್ ನಿಲ್ದಾಣದಿಂದ ಐದು ನಿಮಿಷದ ದಾರಿ. ಸೈಕಲ್ ನೋಡಲು ಜೊತೆಗೆ ಬರುತ್ತೀರಾ ಎಂದು ಕೇಳುವುದು ನನ್ನ ಉದ್ದೇಶವಾಗಿತ್ತು. ಭಾನುವಾರ ಅಂಗಡಿ ಬಿಟ್ಟು ಬರಲಾಗದು ಎಂದರು. ಬದಲಿಗೆ, ರಿಪೇರಿಗೆ ಬಂದಿದ್ದ ಒಂದು ಗೇರ್ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪಾಠ ಹೇಳಿದರು.

"ಮೊದ್ಲು ಚೈನ್ ನೋಡಿ, ತುಕ್ಕಿಡ್ದಿದ್ರೆ ಖರ್ಚದ. ಆಮೇಲೆ ಚೈನ್ ಕೂರೋ ಪಲ್ಲು. ಮುಳ್ಳಿನಂಗೆ ಚೂಪಾಗಿದ್ರೆ ಸವ್ದದ ಅಂತ, ಬ್ಯಾಡ. ಚಕ್ರ ಎತ್ತಿ ತಿರುಗ್ಸಿ. ಬ್ರೇಕ್ ಕಟ್ಟೆ ಕಡೆ ಓಲಾಡಿದ್ರೆ ಬೆಂಡು."

ಎಲ್ಲವನ್ನೂ ಬರೆದುಕೊಂಡೆ. ಫೋಟೊದ ಸೈಕಲ್ಲಿನ ಮೇಲೆ ಇಪ್ಪತ್ತೊಂದು ಗೇರು ಎಂದು ಬರೆದಿದೆಯಲ್ಲ, ಇಪ್ಪತ್ತೊಂದನೆಯದಕ್ಕೆ ಹೋಗುವುದು ಹೇಗೆ ಎಂದು ಕೇಳಿದೆ.

"ಅದೇನು ಬಸ್ ನಂಬ್ರಾ ಅಕ್ಕ?" ಸಿದ್ದರಾಜು ಸ್ಪ್ಯಾನರ್ ಕೆಳಗಿಟ್ಟರು. "ಮುಂದೆ ಮೂರು ಪಲ್ಲಿನ ಚಕ್ರ, ಹಿಂದೆ ಏಳು. ಮೂರೇಳ್ಲ ಇಪ್ಪತ್ತೊಂದು. ಎಡಗೈ ಲಿವರ್ ಮುಂದುಕ್ಕೆ, ಬಲಗೈದು ಹಿಂದುಕ್ಕೆ. ಏರು ಬಂದ್ರೆ ಮುಂದೆ ಚಿಕ್ಕುದು, ಹಿಂದೆ ದೊಡ್ದು. ಇಳಿಜಾರಿಗೆ ಉಲ್ಟಾ. ಅಷ್ಟೆ, ಮುಗೀತು."

ಪೆಡಲನ್ನು ಕೈಯಿಂದ ತಿರುಗಿಸಿ ತೋರಿಸಿದರು. ಹಿಂದೆ ಸಣ್ಣ ಚಕ್ರದ ಮೇಲೆ ಚೈನ್ ಇದ್ದಾಗ ಪೆಡಲಿನ ಒಂದು ಸುತ್ತಿಗೆ ಗಾಲಿ ಹಲವು ಸುತ್ತು ಓಡಿತು. ದೊಡ್ಡದಕ್ಕೆ ಬಂದಾಗ ಗಾಲಿ ನಿಧಾನವಾಯಿತು, ಕೈಗೆ ಹಗುರವಾಯಿತು. ಗೇರು ಯಾರಿಗೂ ಬಲ ಕೊಡುವುದಿಲ್ಲ, ಒಂದೇ ಏರನ್ನು ಹೆಚ್ಚು ಸುತ್ತುಗಳಿಗೆ ಹಂಚಿಕೊಡುತ್ತದೆ ಎಂಬುದು ಆ ಅಂಗಡಿಯ ಮುಂದೆ ನನಗೆ ಅರ್ಥವಾದ ಮಟ್ಟಿಗೆ ಅರ್ಥವಾಯಿತು.

ಗುಂಡ್ಲುಪೇಟೆ ತಲುಪಿದಾಗ ಒಂಬತ್ತೂವರೆ. ಭಾನುವಾರವಾದ್ದರಿಂದ ಕೇರಳದ ಕಾರುಗಳ ಸಾಲು ಹೆದ್ದಾರಿಯ ಎರಡೂ ಬದಿ ನಿಂತಿತ್ತು. ಮಲಯಾಳಂ ಬೋರ್ಡಿನ ಹೋಟೆಲಿನಲ್ಲಿ ಪುಟ್ಟು, ಕಡಲೆ ಸಾರು ತಿಂದೆ. ಮಾಲೀಕ ನನ್ನನ್ನು ಮೊದಲು 'ಚೇಚಿ' ಎಂದು ಕರೆದು, ನಾನು ಕನ್ನಡದಲ್ಲಿ ಉತ್ತರಿಸಿದ ಮೇಲೆ 'ಅಕ್ಕಾ' ಎಂದು ತಿದ್ದಿಕೊಂಡ. ಅಲ್ಲಿಂದ ಶೇರ್ ಆಟೊದಲ್ಲಿ ಭೀಮನಬೀಡಿಗೆ. ದಾರಿಯ ಒಂದು ಬದಿಗೆ ಅರಿಸಿನ, ಇನ್ನೊಂದು ಬದಿಗೆ ಚೆಂಡುಹೂವು.

ಮಹದೇವಪ್ಪ ಮನೆ ಮುಂದೆ ನಿಂತು ಕಾಯುತ್ತಿದ್ದರು. ವಯಸ್ಸು ಐವತ್ತೈದರ ಆಸುಪಾಸು, ಎಡಗಾಲನ್ನು ಕೊಂಚ ಎಳೆದು ನಡೆಯುತ್ತಿದ್ದರು. ಸೈಕಲ್ಲನ್ನು ತೊಳೆದು, ಒರೆಸಿ, ಜಗಲಿಗೆ ಒರಗಿಸಿದ್ದರು. ಪಕ್ಕದಲ್ಲಿ ಫೋಟೊದಲ್ಲಿ ಕಂಡ ಅದೇ ಟ್ರಾಕ್ಟರು. ಸಿದ್ದರಾಜು ಹೇಳಿದ್ದನ್ನೆಲ್ಲ ನೋಡಿದೆ. ಚೈನಿಗೆ ಎಣ್ಣೆ ಇತ್ತು, ಪಲ್ಲು ಸವೆದಿರಲಿಲ್ಲ, ಗಾಲಿ ನೇರವಾಗಿ ತಿರುಗಿತು. ವಿಚಿತ್ರವಾಗಿ ಕಂಡದ್ದು ಒಂದೇ. ಎರಡೂ ಗೇರ್ ಲಿವರ್‌ಗಳನ್ನು ಅಲ್ಲಾಡದಂತೆ ಕಪ್ಪು ಇನ್ಸುಲೇಷನ್ ಟೇಪಿನಿಂದ ಸುತ್ತಲಾಗಿತ್ತು.

"ನಾನೇ ಸುತ್ಬುಟ್ಟೆ ಮೇಡಂ," ಎಂದರು ಮಹದೇವಪ್ಪ. "ಗೇರ್ ಆಕಿದ್ರೆ ಸಾಕು, ಕಟಕಟ ಅಂದು ಚೈನ್ ಬಿದ್ದೋಯ್ತದ. ನಡುವ್ಲ ಗೇರ್ಗೆ ಆಕಿ ಕಟ್ಬುಟ್ಟಿವ್ನಿ. ಸುಳ್ಳೇಳಿ ಮಾರದು ಬ್ಯಾಡ ಅಂತ ಮೊದ್ಲೇ ಬರ್ದೆ."

ಅವರ ಹೆಂಡತಿ ಚಿಕ್ಕತಾಯಮ್ಮ ಕಾಫಿ ತಂದರು. ಸೈಕಲ್ ಏಕೆ ಮಾರುತ್ತಿದ್ದೀರಿ ಎಂದು ಕೇಳಿದ್ದು ಮಹದೇವಪ್ಪನವರನ್ನು. ಉತ್ತರಿಸಿದ್ದು ಚಿಕ್ಕತಾಯಮ್ಮ.

"ಟ್ರಾಕ್ಟ್ರು ಅವ್ರದೇ ಕಣವ್ವ. ಊರೂರ್ಗೆ ಓಗಿ ಉತ್ತು ಬರರು. ಎರಡ್ವರ್ಸದ ಕೆಳಗ ಟ್ರೈಲರ್ ಮೇಲಿಂದ ಬಿದ್ದು ಎಡಗಾಲ್ ಮೂಳೆ ಮುರ್ಕಂಡ್ರು. ಮೂಳೆ ಕೂಡ್ಕತು, ಬಲ ಬರ್ನಿಲ್ಲ. ಕ್ಲಚ್ ತುಳಿಯೋ ಕಾಲು ಅದು. ಗದ್ದೆ ಬದಿಲಿ ಕಾಲು ಕೈಕೊಟ್ರೆ? ಅದ್ಕೆ ಮಾತಾಡ್ಕಂಡೋ. ಅಗೋ, ಆ ದಿಬ್ಬ ಅದಲ್ಲ, ಅದ ಸೈಕಲ್‌ನಾಗ ಕಾಲೂರ್ದೆ ಅತ್ಬುಡು, ಟ್ರಾಕ್ಟ್ರು ಎತ್ಕೊ ಅಂದೆ. ವರ್ಸಾಯ್ತು. ಅತ್ನಿಲ್ಲ."

ಮನೆ ಮುಂದಿನ ರಸ್ತೆ ಇನ್ನೂರು ಮೀಟರಿನಷ್ಟು ಕೆಂಪು ಗರಸಿನ ದಿಬ್ಬ ಹತ್ತಿ ಅವರ ಹೊಲದತ್ತ ಹೋಗುತ್ತಿತ್ತು. ತಿಂಗಳ ಕೊನೆಗೆ ಟ್ರಾಕ್ಟರನ್ನು ಚಿಕ್ಕತಾಯಮ್ಮನ ತಮ್ಮನಿಗೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿತ್ತು. ಸೈಕಲ್ ಅದಕ್ಕಿಂತ ಮೊದಲು ಹೋಗಲಿ ಎಂದವರು ಮಹದೇವಪ್ಪನವರೇ. ದಿನಾ ಕಣ್ಣಿಗೆ ಬೀಳುವುದು ಬೇಡ ಎಂದರಂತೆ.

ಪಕ್ಕದ ಮನೆಯ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ನಂಜಪ್ಪ ಎಂಬುವರು ಸುಮ್ಮನಿರಲಿಲ್ಲ. "ತಳ್ಕೊಂಡೋಗಕ್ಕ ಇಪ್ಪತ್ತೊಂದು ಗೇರ್ ಯಾಕ್ಲಾ ಮಾದೇವ ಅಂತ ನಾನು ಇವ್ನು ಸೈಕಲ್ ತಂದವತ್ತೇ ಕೇಳ್ದೆ ಮೇಡಂ."

"ನೀನು ಒಂದ್ಸಲನಾರ ಅತ್ತಿ ತೋರ್ಸ್ಲಾ," ಎಂದರು ಮಹದೇವಪ್ಪ. ಮುಖ ಮಾತ್ರ ತಗ್ಗಿಸಿಕೊಂಡೇ ಇದ್ದರು.

ಟೇಪ್ ಬಿಚ್ಚಿ ಒಮ್ಮೆ ನೋಡಬಹುದೇ ಎಂದು ಕೇಳಿದೆ. ಅವರೇ ಬಿಚ್ಚಿದರು, ಅವರೇ ಸೈಕಲ್ ಹತ್ತಿ ತೋರಿಸಿದರು. ದಿಬ್ಬದ ಬುಡದವರೆಗೆ ಹೋಗಿ, ಸೈಕಲ್ ನಿಲ್ಲಿಸಿ, ಬಲಗಾಲು ನೆಲಕ್ಕೆ ಊರಿದರು. ನಿಂತಲ್ಲೇ ಬಲಗೈ ಲಿವರನ್ನು ಮೂರು ಸಲ ಒತ್ತಿದರು. ಆಮೇಲೆ ಎಡಗಾಲನ್ನು ಪೆಡಲಿನ ಮೇಲಿಟ್ಟು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದರು. ಕಬ್ಬಿಣ ಮುರಿದಂಥ ಸದ್ದಾಯಿತು, ಚೈನ್ ಕಳಚಿ ಜೋತುಬಿತ್ತು. ಮೂರೇ ಸೆಕೆಂಡಿನಲ್ಲಿ ಅದನ್ನು ಮತ್ತೆ ಪಲ್ಲಿಗೆ ಏರಿಸಿ ಕೊಟ್ಟರು. ಆ ಕೆಲಸ ಅವರ ಬೆರಳುಗಳಿಗೆ ಎಷ್ಟು ರೂಢಿಯಾಗಿತ್ತು ಎಂಬುದು ಕಾಣುತ್ತಿತ್ತು.

"ನೋಡುದ್ರಲ್ಲ. ಬ್ಯಾಡ ಅಂದ್ರೆ ಬ್ಯಾಡ. ಆಟೊ ಕಾಸು ನಾನೇ ಕೊಡ್ತಿನಿ."

ಇಷ್ಟು ದೂರ ಬಂದಿದ್ದೇನೆ, ಒಮ್ಮೆ ಹತ್ತಿ ನೋಡುತ್ತೇನೆ ಎಂದೆ. ಸಮತಟ್ಟಾದ ಕಡೆ ಹತ್ತು ಮೀಟರು ಓಲಾಡಿಕೊಂಡು ಹೋದೆ. ಬ್ಯಾಲೆನ್ಸ್ ಸಿಕ್ಕ ಮೇಲೆ, ಬೀಳುವ ಭಯಕ್ಕೆ ಕಾಲು ನಿಲ್ಲಿಸದೆ ತುಳಿಯುತ್ತಲೇ ಬಲಗೈ ಹೆಬ್ಬೆರಳಿನಿಂದ ಲಿವರ್ ಒತ್ತಿದೆ. ಟಿಕ್ ಎಂದಿತು. ಪೆಡಲು ಹಗುರಾಯಿತು. ಮತ್ತೆ ಒತ್ತಿದೆ, ಮತ್ತೆ ಹಗುರಾಯಿತು. ಎಡಗೈಯದೂ ಹಾಗೆಯೇ ಬದಲಾಯಿತು. ದಿಬ್ಬದ ಅರ್ಧ ಹತ್ತಿದ್ದೆ, ಉಸಿರು ಸಾಲದೆ ಇಳಿದೆ. ಚೈನ್ ಬಿದ್ದಿರಲಿಲ್ಲ.

ತಳ್ಳಿಕೊಂಡು ಬಂದಾಗ ಮಹದೇವಪ್ಪ ನನ್ನನ್ನು ನೋಡಲಿಲ್ಲ, ಹಿಂದಿನ ಗಾಲಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತರು. ಚೈನ್ ಅತಿ ದೊಡ್ಡ ಪಲ್ಲಿನ ಚಕ್ರದ ಮೇಲೆ ಸರಿಯಾಗಿ ಕೂತಿತ್ತು.

"ನಿಮ್ಗೆಂಗ್ ಬಿತ್ತು ಗೇರು?"

"ಗೊತ್ತಿಲ್ಲ. ಒತ್ತಿದೆ, ಬಿತ್ತು."

"ಕಾಲು ನಿಲ್ಸಿದ್ರಾ?"

"ಇಲ್ಲ."

"ನಿಲ್ಸ್ದೆ ಗೇರ್ ಆಕ್ತರಾ ಯಾರಾದ್ರು?"

ಆಗ ಗೊತ್ತಾಯಿತು, ಅವರು ಮಾಡುತ್ತಿದ್ದದ್ದು ಮೂವತ್ತು ವರ್ಷ ಟ್ರಾಕ್ಟರಿನಲ್ಲಿ ಮಾಡಿದ್ದನ್ನೇ. ನಿಲ್ಲಿಸು, ಗೇರು ಹಾಕು, ಆಮೇಲೆ ಎಳೆ. ನನಗೆ ಕ್ಲಚ್ಚಿನ ಅಭ್ಯಾಸವೇ ಇಲ್ಲದ್ದರಿಂದ ಆ ತಪ್ಪು ಮಾಡುವಷ್ಟೂ ಗೊತ್ತಿರಲಿಲ್ಲ. ಖಚಿತಪಡಿಸಿಕೊಳ್ಳಲು ಸಿದ್ದರಾಜು ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ಟ್ರಾಕ್ಟರ್ ಓಡಿಸುವವರು ಸೈಕಲ್ ನಿಲ್ಲಿಸಿ ಗೇರು ಹಾಕುತ್ತಾರೆ, ಸರಿಯೇ ಎಂದು ಕೇಳಿದೆ.

"ತುಳೀತಾ ತುಳೀತಾನೇ ಆಕ್ಬೇಕು, ಅದ್ನೂ ಯೋಳ್ಬೇಕಾ ಅಕ್ಕ? ಚೈನ್ ಓಡ್ತಾ ಇದ್ರೆ ತಾನೆ ಒಂದ್ರಿಂದ ಇನ್ನೊಂದ್ಕೆ ಅತ್ತದು!"

"ನಾನು ಗೇರ್ ಆಕ್ಬೇಕಾದ್ರೆ ಕಾಲು ಬುಟ್ಬುಡ್ತೀನಲ್ಲಪ್ಪ," ಎಂದರು ಮಹದೇವಪ್ಪ ಫೋನಿಗೆ ಬಗ್ಗಿ.

"ಅದು ಟ್ರಾಕ್ಟ್ರಲ್ಲ ಕಣಣ್ಣ. ಏರು ಬರಕ್ಕೆ ಮೊದ್ಲೇ ಆಕ್ಬುಡು. ಆಕ್ಬೇಕಾದ್ರೆ ಕಾಲು ಬುಡಬ್ಯಾಡ, ಬಲ ಬುಡು. ಬರೀ ಸುಮ್ಕೆ ತಿರುಗುಸ್ತಾ ಇರು."

ಮಹದೇವಪ್ಪ ಪಂಚೆ ಎತ್ತಿ ಕಟ್ಟಿದರು. ಮೊದಲ ಸಲ ದಿಬ್ಬದ ಕಾಲುಭಾಗದಲ್ಲಿ ಅಭ್ಯಾಸಬಲಕ್ಕೆ ಕಾಲು ನಿಂತಿತು, ಚೈನ್ ಕಟಕಟ ಅಂದಿತು, ಇಳಿದರು. ತಿರುಗಿಸಿಕೊಂಡು ಬಂದು, ಹಿಂದೆ ಬಹಳ ದೂರದಿಂದ ಹೊರಟರು. ಈ ಸಲ ಸಮತಟ್ಟಾದ ಕಡೆಯೇ ಗೇರುಗಳು ಒಂದೊಂದಾಗಿ ಬಿದ್ದ ಸದ್ದು ನಮಗೆ ಕೇಳಿಸಿತು. ನಡೆಯುವವನಿಗಿಂತ ನಿಧಾನವಾಗಿ ಸೈಕಲ್ ದಿಬ್ಬಕ್ಕೆ ಏರಿತು. ನಡುವೆ ಒಮ್ಮೆ ಮುಂದಿನ ಗಾಲಿ ಪಕ್ಕಕ್ಕೆ ವಾಲಿತು.

"ತುಳಿ, ತುಳಿ! ನಿಲ್ಸಬ್ಯಾಡ ಕಣ!" ಚಿಕ್ಕತಾಯಮ್ಮ ಕೂಗಿದರು. ನಂಜಪ್ಪ ಬಾಯಲ್ಲಿದ್ದುದನ್ನು ಉಗುಳಿ ಎದ್ದುನಿಂತರು. "ಬಲ ಬುಡ್ಲಾ ಮಾದೇವ! ಬಲ ಬುಡ್ಲಾ!"

ಮಹದೇವಪ್ಪ ಮೇಲೆ ತಲುಪಿದರು. ಕಾಲೂರಿದ್ದು ದಿಬ್ಬ ಮುಗಿದ ಮೇಲೆಯೇ. ಕೂಡಲೇ ಇಳಿದು ಬರಲಿಲ್ಲ. ಹೊಲದ ಕಡೆ ಮುಖ ಮಾಡಿ ಎರಡು ಮೂರು ನಿಮಿಷ ನಿಂತಿದ್ದರು.

ಅವರು ಇಳಿದು ಬಂದಾಗ ಸಂತೋಷದ ಮಾತು ಬರಬಹುದೆಂದು ನಾನು ನಿರೀಕ್ಷಿಸಿದ್ದೆ. ಬಂದದ್ದು ಚಿಕ್ಕತಾಯಮ್ಮನ ಪ್ರಶ್ನೆ.

"ಈಗ ಅತ್ತಿದ್ದು ಕಾಲಾ, ಗೇರಾ?"

ಅದು ನನ್ನ ಮನಸ್ಸಿನಲ್ಲೂ ಇದ್ದ ಪ್ರಶ್ನೆ. ನಿಜ ಹೇಳಬೇಕೆಂದರೆ ಎಡಗಾಲು ನಿನ್ನೆ ಇದ್ದಷ್ಟೇ ಇತ್ತು. ಮಹದೇವಪ್ಪ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟರು.

"ಗೇರೇ ಕಣ," ಎಂದರು. "ಟ್ರಾಕ್ಟ್ರುನೂ ನಾನೇನು ಎಗ್ಲ ಮೇಲೆ ಒತ್ಕಂಡು ಉಳ್ತೀನಾ? ಅದ್ಕೂ ಗೇರೇ. ಇಷ್ಟು ಕಾಲು ಸಾಕಾ ಸಾಲ್ದಾ, ಅಷ್ಟೆಯ ಗೊತ್ತಾಗ್ಬೇಕಾಗಿರದು."

"ಕ್ಲಚ್ಚು ಗಟ್ಟಿ ಅದ."

"ಗಟ್ಟಿ ಅದ. ತುಳಿದು ನೋಡ್ತಿನಿ."

ಚಿಕ್ಕತಾಯಮ್ಮ ಟ್ರಾಕ್ಟರನ್ನೊಮ್ಮೆ, ಗಂಡನ ಕಾಲನ್ನೊಮ್ಮೆ ನೋಡಿದರು. "ನಾಳಿಕ್ಕೆ ನಮ್ಮ ವಲ ಒಂದೇ ಸುತ್ತು. ನಾನೂ ಮಡ್‌ಗಾರ್ಡ್ ಮೇಲೆ ಕೂತ್ಕತಿನಿ. ಕಾಲು ನಡುಗ್ತು ಅಂದ್ರೆ ಅಲ್ಲೇ ಇಳಿಯದು, ಆಮೇಲೆ ಆ ಮಾತೇ ಎತ್ತಬಾರ್ದು."

"ಕೂತ್ಕೊ," ಎಂದರು ಮಹದೇವಪ್ಪ.

ನಾನು ಆಸೆ ಬಿಟ್ಟಿದ್ದೆ. ಆದರೂ ಕೇಳಿದೆ, ಸೈಕಲ್ ಈಗಲೂ ಮಾರುತ್ತೀರಾ ಎಂದು.

"ನಂಗೆ ಸೈಕಲ್ ಯಾಕ್ ಮೇಡಂ? ನಂಗ್ ಬೇಕಾಗಿದ್ದು ದಿಬ್ಬ."

ಗೇರು ಸರಿಯಿದ್ದುದರಿಂದ ಐದು ಸಾವಿರ ಕೊಡುತ್ತೇನೆ ಎಂದೆ. ಮಹದೇವಪ್ಪ ಬೇಡವೆಂದರು, ಚಿಕ್ಕತಾಯಮ್ಮ ಕೊಡಲಿ ಬುಡಿ ಎಂದರು. ನಾಲ್ಕೂವರೆ ಸಾವಿರಕ್ಕೆ ನಿಂತಿತು. ಹಾಕಿದ್ದ ಟೇಪಿನ ಅಂಟನ್ನು ಅವರು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ತೆಗೆದು, ಸೀಟನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟರು. ಪೇಟೆಯವರೆಗೆ ತುಳಿದುಕೊಂಡು ಹೋಗಿ, ಅಲ್ಲಿಂದ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕುವುದೆಂದು ನಿರ್ಧರಿಸಿದೆ. ಹನಿ ಬೀಳಲು ಶುರುವಾಗಿತ್ತು, ಗಾಳಿ ಎದುರಿಗಿತ್ತು. ಎರಡು ಗೇರು ಇಳಿಸಿದೆ, ಕಾಲು ನಿಲ್ಲಿಸದೆ.

ಊರ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಚಿಕ್ಕತಾಯಮ್ಮ ಒಳಗೆ ಹೋಗಿದ್ದರು. ಮಹದೇವಪ್ಪ ಟ್ರಾಕ್ಟರಿನ ಗಾಲಿಗೆ ಬೆನ್ನು ಕೊಟ್ಟು, ಮಳೆಯಲ್ಲಿ ಒಬ್ಬರೇ ನಿಂತಿದ್ದರು. ಎಡಗಾಲಿನಿಂದ ನೆಲವನ್ನು ಪೂರ್ತಿ ಒತ್ತಿ, ನಿಧಾನವಾಗಿ ಬಿಡುತ್ತಿದ್ದರು. ಮತ್ತೆ ಒತ್ತುತ್ತಿದ್ದರು, ಮತ್ತೆ ಬಿಡುತ್ತಿದ್ದರು.